ಗಟಾರದ ನೀರಿಗೆ ಹೆಪ್ಪು

ನಮ್ಮ ಘಟಕದಲ್ಲಿ ಯಾರಿಗೂ ಹೆಸರಿಲ್ಲ. ಹಾಜರಿ ಪುಸ್ತಕದಲ್ಲಿದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿದೆ. ಆದರೆ ಗಾಳಿ ಊದುವ ಬ್ಲೋವರಿನ ಗದ್ದಲದಲ್ಲಿ ಒಬ್ಬರನ್ನೊಬ್ಬರು ಕೂಗಬೇಕಾದಾಗ ಬಾಯಿಗೆ ಬರುವುದು ಊರು. ನಾನು ಆಳಂದ. ಎರಡನೇ ಪಾಳಿಯಲ್ಲಿದ್ದ ಹಿರಿಯರು ಅಫಜಲಪುರ. ರಾತ್ರಿ ಪಾಳಿಯ ಡಿಪ್ಲೊಮಾ ಹುಡುಗ ಜೇವರ್ಗಿ. ಕಲಬುರಗಿ ನಗರದ ಕೊಳಚೆ ನೀರನ್ನು ತೊಳೆಯುವ ಕೆಲಸಕ್ಕೆ ಮೂರು ತಾಲೂಕುಗಳು ಪಾಳಿ ಹಚ್ಚಿ ದುಡಿಯುತ್ತಿವೆ ಎಂದು ನಾವೇ ಹೇಳಿಕೊಂಡು ನಗುತ್ತೇವೆ. ಕಲಬುರಗಿಯವರು ಯಾಕಿಲ್ಲ ಎಂದರೆ, ತಮ್ಮದನ್ನು ತಾವೇ ನೋಡಬೇಕಾದೀತು ಎಂಬ ಸಂಕೋಚ ಇರಬೇಕು.

ಮೂವರ ಊರೂ ಒಂದೇ ನೀರಿನ ಸಾಲಿನಲ್ಲಿವೆ. ಅಮರ್ಜಾ ನದಿ ನಮ್ಮ ಆಳಂದ ಸೀಮೆಯಿಂದ ಇಳಿದು, ಕೊರಳ್ಳಿಯ ಅಣೆಕಟ್ಟಿನಲ್ಲಿ ತುಸು ದಣಿವಾರಿಸಿಕೊಂಡು, ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಲ್ಲಿಂದ ಮುಂದೆ ಕಟ್ಟಿಸಂಗಾವಿ ಸೇತುವೆಯ ಕೆಳಗೆ ಹಾಯ್ದು ಜೇವರ್ಗಿ ಸೀಮೆ ಸೇರುತ್ತದೆ. ಜೇವರ್ಗಿಗೆ ಇದೇ ದೊಡ್ಡ ತಕರಾರು.

"ಮ್ಯಾಲ ನೀವು ಮೈ ತೊಳೀತೀರಿ, ನಡುವ ಅಫಜಲಪುರದವರು ಅರಿಬಿ ಒಗೀತಾರ, ಕೆಳಗ ನಾವು ಅದನ್ನೇ ಕುಡೀಬೇಕು. ಯಾವ ನ್ಯಾಯ್ರಿ ಇದು?"

ಅಫಜಲಪುರದವರು ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, "ತಮ್ಮಾ, ಪುಣೇದ ಮುಳಾ-ಮುಠಾ ಭೀಮಾಕ್ಕೇ ಕೂಡ್ತದ. ಪಂಢರಪುರದಾಗ ಇಡೀ ಮಹಾರಾಷ್ಟ್ರ ಮುಳುಗಿ ಏಳ್ತದ. ನಾವೇನರ ಅಂದೀವಾ?" ಅನ್ನುತ್ತಿದ್ದರು. ಭೀಮಾಶಂಕರದಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ತನಕ ಆ ನದಿ 861 ಕಿ.ಮೀ. ಹರಿಯುತ್ತದೆ. ಅಷ್ಟುದ್ದಕ್ಕೂ ಪ್ರತಿ ಊರಿನವರಿಗೆ ಮೇಲಿನ ಊರಿನವರ ಮೇಲೆ ಸಿಟ್ಟಿದೆ, ಕೆಳಗಿನ ಊರಿನವರ ನೆನಪು ಮಾತ್ರ ಇಲ್ಲ. ಬೇಸಿಗೆ ಬಂತೆಂದರೆ ಈ ಜಗಳವೂ ಬತ್ತುತ್ತದೆ. ಹೊಳೆಯಲ್ಲಿ ಉಸುಕು ಕಾಣುತ್ತದೆ, ಉಜನಿ ಅಣೆಕಟ್ಟಿನಿಂದ ನೀರು ಬಿಡಿಸಿರೆಂದು ಮುಖಂಡರು ಮುಂಬೈಗೆ ಪತ್ರ ಬರೆಯುತ್ತಾರೆ. ಆಗ ಮೇಲಿನವರು ಮೈ ತೊಳೆದ ನೀರಾದರೂ ಬಂದರೆ ಸಾಕು ಅನ್ನುವ ಸ್ಥಿತಿ.

ಈಗ ಕೆಲಸದ ಮಾತು. ಗಟಾರದ ನೀರು ಮೊದಲು ಕಬ್ಬಿಣದ ಜಾಲರಿಗೆ ಬರುತ್ತದೆ. ಅಲ್ಲಿ ಕಸ ನಿಲ್ಲುತ್ತದೆ. ಆಮೇಲೆ ಉಸುಕಿನ ತೊಟ್ಟಿ, ಆಮೇಲೆ ಗಾಳಿ ಊದುವ ದೊಡ್ಡ ತೊಟ್ಟಿ, ಆಮೇಲೆ ಕೆಸರು ತಳಕ್ಕಿಳಿಯುವ ಗುಂಡು ತೊಟ್ಟಿ, ಕೊನೆಗೆ ಕ್ಲೋರಿನ್. ಇಷ್ಟನ್ನು ಹೇಳಲು ಒಂದು ಉಸಿರು ಸಾಕು. ನಡೆಸಲು ದಿನಕ್ಕೆ ಮೂರು ಪಾಳಿ ಬೇಕು. ಯಾಕೆಂದರೆ ಊರು ಎಂದೂ ರಜೆ ಹಾಕುವುದಿಲ್ಲ.

ಒಬ್ಬ ಮನುಷ್ಯನಿಗೆ ನಗರದಲ್ಲಿ ದಿನಕ್ಕೆ 135 ಲೀಟರ್ ನೀರು ಎಂದು ಸರಕಾರಿ ಕೈಪಿಡಿಯ ಲೆಕ್ಕ. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ವಾಪಸು ಬರುತ್ತದೆ ಎಂಬುದು ಇನ್ನೊಂದು ಲೆಕ್ಕ. ಆದರೆ ಊರಿನ ನಿಜವಾದ ಲೆಕ್ಕ ನಮ್ಮ ಒಳಹರಿವಿನ ಮೀಟರಿನಲ್ಲಿದೆ. ಬೆಳಗ್ಗೆ ಏಳರಿಂದ ಮುಳ್ಳು ಏರುತ್ತದೆ, ಹತ್ತರ ಹೊತ್ತಿಗೆ ತುದಿ ಮುಟ್ಟುತ್ತದೆ, ಮಧ್ಯಾಹ್ನ ಮಂಪರು, ಸಂಜೆ ಮತ್ತೆ ಚುರುಕು. ರಾತ್ರಿ ಎರಡರಿಂದ ನಾಲ್ಕು ಜೇವರ್ಗಿಯ ಸುಖದ ವೇಳೆ. ಆಗ ಊರಿನಲ್ಲಿ ಎದ್ದಿರುವವರು ಸಕ್ಕರೆ ಕಾಯಿಲೆಯವರು ಮತ್ತು ಜೇವರ್ಗಿ, ಇಷ್ಟೇ ಜನ. ರಂಜಾನ್ ತಿಂಗಳು ಬಂತೆಂದರೆ ಆ ಸುಖವೂ ಹೋಯಿತು. ಸಹರಿಯ ಹೊತ್ತಿಗೆ ಓಣಿ ಓಣಿಯಲ್ಲಿ ದೀಪ ಹತ್ತುತ್ತದೆ, ಕತ್ತಲಲ್ಲೇ ಮುಳ್ಳು ಎದ್ದು ನಿಲ್ಲುತ್ತದೆ. ಕ್ಯಾಲೆಂಡರು ನೋಡದೆಯೂ ನಮಗೆ ಚಂದ್ರದರ್ಶನ ಆಯಿತೆಂದು ತಿಳಿಯುತ್ತದೆ. ಹೋಳಿಯಲ್ಲಿ ತೊಟ್ಟಿ ಗುಲಾಬಿಯಾಗುತ್ತದೆ. ಅದರ ಬೆನ್ನಿಗೇ ಶರಣಬಸವೇಶ್ವರರ ಜಾತ್ರೆ, ತೇರು ಎಳೆಯಲು ಸುತ್ತಲ ಹಳ್ಳಿಯೆಲ್ಲ ಊರಲ್ಲಿ. ನಮ್ಮ ಪಂಪುಗಳೂ ತಮ್ಮ ಪಾಡಿಗೆ ತೇರು ಎಳೆಯುತ್ತಿರುತ್ತವೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಎಳ್ಳ ಅಮಾಸಿ. ಆ ದಿನ ಕಲಬುರಗಿ ಸೀಮೆಯಲ್ಲಿ ಮನೆಯಲ್ಲಿ ಉಣ್ಣುವವರಿಲ್ಲ. ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಅಂಬಲಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ. ಹೊಲವಿಲ್ಲದವರು ಹೊಲವಿದ್ದವರ ಹೊಲಕ್ಕೆ. ಚರಗ ಚೆಲ್ಲಿ, ಬನ್ನಿ ಮರದ ಕೆಳಗೆ ಪಂಕ್ತಿ ಕುಳಿತು, ಎದ್ದೇಳಲಾರದಷ್ಟು ಉಂಡು, ಜೋಳದ ಸಾಲಿನಲ್ಲಿ ಅಡ್ಡಾಗುವ ದಿನ. ಉಳಿದ ಕ್ರಿಯೆಗಳಿಗೂ ಹೊಲ ಸಾಕಷ್ಟು ವಿಶಾಲ. ಮಧ್ಯಾಹ್ನ ನಮ್ಮ ಮೀಟರಿನ ಮುಳ್ಳು ಮಲಗಿಬಿಡುತ್ತದೆ. ಇಡೀ ವರ್ಷ ಗುಂಯ್‌ಗುಟ್ಟಿದ ಘಟಕ ಅಂದು ಒಂದೇ ಬ್ಲೋವರಿನಲ್ಲಿ ಸಾಗುತ್ತದೆ. ಊರೆಲ್ಲ ಹಬ್ಬಕ್ಕೆ ಹೋದಾಗ ತೊಟ್ಟಿಯ ಮೇಲಿನ ಕಟ್ಟೆಯಲ್ಲಿ ಒಬ್ಬನೇ ನಿಂತು ದೂರದ ತೊಗರಿ ಹೊಲ ನೋಡುತ್ತ, ಮನೆಯಿಂದ ಡಬ್ಬಿಯಲ್ಲಿ ಬಂದ ಆರಿದ ಭಜ್ಜಿ ತಿನ್ನುವುದು ನನ್ನ ಹಬ್ಬ. ಬೇಸರ ಆಗುತ್ತದೆ ಎನ್ನಲಾರೆ. ಊರು ನನ್ನನ್ನು ಮರೆತು ಹೋಯಿತು ಎಂದೂ ಎನ್ನಲಾರೆ, ಯಾಕೆಂದರೆ ಮರುದಿನ ಬೆಳಗ್ಗೆ ಏಳು ಗಂಟೆಗೆ ಅದು ಭಜ್ಜಿಯ ಪೂರ್ತಿ ವರದಿ ಒಪ್ಪಿಸುತ್ತದೆ.

ಹೊರಗಿನವರು ತಿಳಿದುಕೊಂಡಿರುವುದು, ನಾವೇನೋ ಔಷಧ ಸುರಿದು ನೀರನ್ನು ತಿಳಿ ಮಾಡುತ್ತೇವೆ ಎಂದು. ಹಾಗಲ್ಲ. ಹೊಲಸು ತಿನ್ನುವುದು ಹುಳುಗಳು. ವಿಜ್ಞಾನದವರು ಬ್ಯಾಕ್ಟೀರಿಯಾ ಎನ್ನುತ್ತಾರೆ, ಅಫಜಲಪುರದವರು 'ನಮ್ಮ ಮಂದಿ' ಎನ್ನುತ್ತಾರೆ. ನಮ್ಮ ಕೆಲಸ ಅವಕ್ಕೆ ಗಾಳಿ ಊದುವುದು, ಉಪವಾಸ ಕೆಡವದಿರುವುದು, ಮಿತಿಮೀರಿ ಬೆಳೆದಾಗ ಒಂದಷ್ಟನ್ನು ಹೊರಗೆ ಹಾಕುವುದು. ತೊಟ್ಟಿಯಲ್ಲಿ ತಿಂದು ದಪ್ಪಗಾದ ಹುಳುಗಳ ಕೆಸರು ಮುಂದಿನ ತೊಟ್ಟಿಯಲ್ಲಿ ತಳಕ್ಕಿಳಿಯುತ್ತದೆ. ಅದರ ದೊಡ್ಡ ಪಾಲನ್ನು ವಾಪಸು ತಂದು ಹೊಸ ಕೊಳಚೆಗೆ ಬೆರೆಸುತ್ತೇವೆ. ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಉಳಿಸಿ ಇವತ್ತಿನ ಹಾಲಿಗೆ ಹೆಪ್ಪು ಹಾಕಿದಂತೆ. ಗುಟ್ಟೆಲ್ಲ ಇಷ್ಟೇ. ಆದರೆ ಇದು ಹೊಳೆಯಲು ಜಗತ್ತಿಗೆ 1914ರ ತನಕ ಬೇಕಾಯಿತು. ಆ ವರ್ಷ ಮ್ಯಾಂಚೆಸ್ಟರಿನಲ್ಲಿ ಎಡ್ವರ್ಡ್ ಆರ್ಡನ್ ಮತ್ತು ವಿಲಿಯಂ ಲಾಕೆಟ್ ಎಂಬಿಬ್ಬರು, ಎಲ್ಲರೂ ಚೆಲ್ಲುತ್ತಿದ್ದ ಕೆಸರನ್ನು ಚೆಲ್ಲದೆ ಇಟ್ಟುಕೊಂಡು ನೋಡಿದರು. ಮೊದಲ ಸಲ ನೀರು ತಿಳಿಯಾಗಲು ಐದು ವಾರ ಹಿಡಿದಿತ್ತು. ಹಳೆಯ ಕೆಸರು ಸೇರುತ್ತ ಹೋದಂತೆ ಅದು ಒಂದು ದಿನಕ್ಕೆ ಇಳಿಯಿತು, ಆಮೇಲೆ ತಾಸುಗಳಿಗೆ. ನಮ್ಮ ಅವ್ವನನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದಳು.

ಅವರಿಬ್ಬರಿಗೆ ದಾರಿ ತೋರಿದ ಗುರು ಗಿಲ್ಬರ್ಟ್ ಫೌಲರ್. ಆತ 1916ರಲ್ಲಿ ಬೆಂಗಳೂರಿಗೆ ಬಂದು, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕನಾದ. ಅಂದರೆ ಮ್ಯಾಂಚೆಸ್ಟರಿನಲ್ಲಿ ಕಂಡ ವಿದ್ಯೆ ಎರಡೇ ವರ್ಷಕ್ಕೆ ಕರ್ನಾಟಕಕ್ಕೆ ಕಾಲಿಟ್ಟಿತು. ಬೆಂಗಳೂರಿನಿಂದ ನಮ್ಮ ಕಡೆಗೆ ಬರಲು ಅದಕ್ಕೆ ಎಷ್ಟು ಕಾಲ ಹಿಡಿಯಿತು ಎಂದು ನಾನು ಹೇಳುವುದಿಲ್ಲ, ನಮ್ಮ ಕಡೆಯವರಿಗೆ ಅಂಥ ಲೆಕ್ಕ ಕೇಳಿ ಅಭ್ಯಾಸವಾಗಿದೆ.

ಹೊಸ ಘಟಕ ಸುರುಮಾಡುವಾಗ ಹೆಪ್ಪನ್ನು ನಿಜವಾಗಿಯೇ ಹೊರಗಿನಿಂದ ತರುತ್ತಾರೆ. ಬೇರೆ ಘಟಕದ ಕೆಸರು ಟ್ಯಾಂಕರಿನಲ್ಲಿ ಬರುತ್ತದೆ. ಅದು ಸಿಗದಿದ್ದರೆ ಸೆಗಣಿ ಕಲಸುತ್ತಾರೆ. ಹುಳುಗಳಿಗೆ ಬಲ ಬರಲೆಂದು ಬೆಲ್ಲ, ಜೊತೆಗೆ ಒಂದಿಷ್ಟು ಯೂರಿಯಾ. ನಮ್ಮಲ್ಲಿ ಹಾಗೆ ಬೆಲ್ಲ ಹಾಕುವಾಗ ಅಫಜಲಪುರದವರು ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ, "ಹುಳಕ್ಕ ಹಾಕೋ ಬೆಲ್ಲ ಇಷ್ಟು ಚಲೋ ಅದ, ರೇಷನ್‌ದಾಗ ಯಾಕ ಬರಂಗಿಲ್ಲ?" ಎಂದು ಕೇಳಿದ್ದರು. ಇಂಜಿನಿಯರ್ ಸಾಹೇಬರು ಅದಕ್ಕೆ ಉತ್ತರ ಕೊಡಲಿಲ್ಲ.

ಹುಳುಗಳ ಆರೋಗ್ಯ ನೋಡುವ ಒಂದು ಪರೀಕ್ಷೆ ಇದೆ. ದಿನದ ಎಲ್ಲ ಕೆಲಸದಲ್ಲಿ ನನಗೆ ಅದೇ ಇಷ್ಟ. ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರಿನ ಉದ್ದನೆಯ ಗಾಜಿನ ಕೊಳವೆಗೆ ತುಂಬಿ ಕಟ್ಟೆಯ ಮೇಲೆ ಇಡಬೇಕು. ಅರ್ಧ ತಾಸು ಮುಟ್ಟಬಾರದು, ಅಲುಗಿಸಬಾರದು. ಮೊದಲಿಗೆ ಇಡೀ ಕೊಳವೆ ಕಂದು. ಎರಡು ಮೂರು ನಿಮಿಷಕ್ಕೆ ಹುಡಿ ಹುಡಿಯಾದ ಕಣಗಳು ಒಂದನ್ನೊಂದು ಹುಡುಕಿ ಅಂಟಿಕೊಳ್ಳತೊಡಗುತ್ತವೆ. ಮೇಲ್ತುದಿಯಲ್ಲಿ ಬೆರಳಗಲ ತಿಳಿ ನೀರಿನ ಗೆರೆ ಮೂಡುತ್ತದೆ. ಗೆರೆ ನಿಧಾನ ಕೆಳಗಿಳಿಯುತ್ತದೆ. ಅರ್ಧ ತಾಸಿಗೆ ಕೆಸರು 300ರ ಗುರುತಿನ ಹತ್ತಿರ ಕುಳಿತಿದ್ದು, ಮೇಲಿನ ನೀರಿನ ಮೂಲಕ ಆಚೆ ಬದಿಯ ಗೋಡೆಯ ಮೇಲಿನ ಫಲಕ ಓದಲು ಬಂದರೆ ಘಟಕ ಸುಖವಾಗಿದೆ. ಫಲಕದಲ್ಲಿ ಇರುವುದು 'ಇಲ್ಲಿ ಉಗುಳಬಾರದು' ಎಂಬ ಸೂಚನೆ. ನಮ್ಮ ನೀರಿನ ಗುಣಮಟ್ಟಕ್ಕೆ ಅಫಜಲಪುರದವರ ಪಾಲಿನ ಮಾನದಂಡ ಅದೇ, ಆ ಸೂಚನೆಯ ಪಾಲನೆ ಮಾತ್ರ ಅವರಿಂದ ಆಗಲಿಲ್ಲ.

ಮಾಲಿನ್ಯ ನಿಯಂತ್ರಣ ಮಂಡಳಿಯವರು ಕೇಳುವ ಮಾನದಂಡ ಬೇರೆ. ಬಿಓಡಿ. ನೀರಿನಲ್ಲಿರುವ ಹೊಲಸನ್ನು ತಿಂದು ಮುಗಿಸಲು ಹುಳುಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ. ಒಳಬರುವಾಗ ಲೀಟರಿಗೆ ಇನ್ನೂರು ಮಿಲಿಗ್ರಾಂ ದಾಟಿರುವುದನ್ನು ಹೊರಹೋಗುವಾಗ ಹತ್ತಕ್ಕೆ ಇಳಿಸಿರಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತು. ಪರೀಕ್ಷೆಗೆ ನೀರನ್ನು ಸೀಸೆಯಲ್ಲಿ ತುಂಬಿ ಇನ್‌ಕ್ಯುಬೇಟರಿನಲ್ಲಿ ಇಡುತ್ತಾರೆ. ಇಂಗ್ಲೆಂಡಿನವರು ಐದು ದಿನ ಇಟ್ಟರು. ಅವರ ನಾಡಿನಲ್ಲಿ ಯಾವ ನದಿಯ ನೀರೂ ಐದು ದಿನದೊಳಗೆ ಸಮುದ್ರ ಸೇರುತ್ತದೆ, ಆಮೇಲಿನ ಚಿಂತೆ ಸಮುದ್ರದ್ದು ಎಂಬ ಧೈರ್ಯಕ್ಕೆ ಹಾಗೆ ಗೊತ್ತು ಮಾಡಿದರೆಂದು ನಮ್ಮ ಕಸುಬಿನಲ್ಲಿ ಒಂದು ಕಥೆ ಇದೆ. ನಮ್ಮ ದೇಶದ ಸೆಕೆ ಲೆಕ್ಕ ಹಿಡಿದು ಇಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಎಂದು ಬದಲಿಸಿಕೊಂಡಿದ್ದೇವೆ. ಇಪ್ಪತ್ತೇಳು! ಮೇ ತಿಂಗಳ ಮಧ್ಯಾಹ್ನ ಹೊರಗೆ ನಲವತ್ನಾಲ್ಕು ಇರುವಾಗ ಕಲಬುರಗಿ ಜಿಲ್ಲೆಯಲ್ಲಿ 27 ಡಿಗ್ರಿಯ ತಂಪು ಇರುವುದು ಆ ಪೆಟ್ಟಿಗೆಯೊಳಗೆ ಮಾತ್ರ. ಕೊಳಚೆ ನೀರಿನ ಸೀಸೆಗೆ ಇರುವ ಭಾಗ್ಯ ಅದನ್ನು ತುಂಬಿದವನಿಗಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆದು ಸೀಸೆ ಎಣಿಸುವ ನೆವದಲ್ಲಿ ಜೇವರ್ಗಿ ಆಗಾಗ ಮುಖ ಒಳಗಿಟ್ಟು ನಿಲ್ಲುತ್ತಿದ್ದ.

ಇಷ್ಟೆಲ್ಲ ಉಪಕರಣ ಬರುವ ಮೊದಲು ಅಫಜಲಪುರದವರ ಮೂಗು ಇತ್ತು. ಕೊಳಚೆ ಘಟಕ ನಾರುತ್ತದೆ ಎಂದು ಲೋಕ ನಂಬಿದೆ. ನೆಟ್ಟಗಿರುವ ಗಾಳಿ ತೊಟ್ಟಿ ನಾರುವುದಿಲ್ಲ, ಹಸಿ ಮಣ್ಣಿನ ವಾಸನೆ ಕೊಡುತ್ತದೆ. ಕರೆಂಟು ತಾಸುಗಟ್ಟಲೆ ಹೋಗಿ ಹುಳುಗಳು ಉಸಿರುಗಟ್ಟಿದಾಗ ಮಾತ್ರ ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಅಫಜಲಪುರದವರು ಗೇಟಿನಲ್ಲಿ ಸೈಕಲ್ ಇಳಿಯುವಾಗಲೇ ಮೂಗೆತ್ತಿ, "ಎರಡನೇ ಬ್ಲೋವರ್ ಸೋತದ" ಎನ್ನುತ್ತಿದ್ದರು. ಹೋಗಿ ನೋಡಿದರೆ ಸೋತಿರುತ್ತಿತ್ತು. 2020ರಲ್ಲಿ ಕೊರೊನಾ ಬಂದು ಅವರ ವಾಸನೆ ಹೋಯಿತು. ಕೇಳಿದವರೆಲ್ಲ ನಕ್ಕರು. ಇಂಥ ಕೆಲಸದವನಿಗೆ ದೇವರು ಕೊಟ್ಟ ವರ ಎಂದರು, ನೌಕರಿಗೆ ಸೇರುವಾಗಲೇ ಎಲ್ಲರಿಗೂ ಹಾಗೆ ಮಾಡಬೇಕು ಎಂದರು. ಅವರು ಮಾತ್ರ ನಗಲಿಲ್ಲ. ಕ್ವಾರಂಟೈನು ಮುಗಿಸಿ ಬಂದವರು ತೊಟ್ಟಿಯ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಮೂಗು ಸೇದಿ ಸೇದಿ ನೋಡುತ್ತಿದ್ದರು. "ಆಳಂದ, ಏನೂ ಬರವಲ್ದೋ" ಎನ್ನುತ್ತಿದ್ದರು. ಮನೆಯಲ್ಲಿ ಒಗ್ಗರಣೆಯ ವಾಸನೆ ಬರದಿದ್ದುದಕ್ಕೆ ಅವರು ಇಷ್ಟು ಕೊರಗಲಿಲ್ಲ ಎಂದು ಅವರ ಮನೆಯಾಕೆಯೇ ದೂರಿದ್ದರು. ಅದೇ ಅಕ್ಟೋಬರಿನಲ್ಲಿ ಭೀಮೆ ತುಂಬಿ ಬಂದು ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಅವರ ಮನೆಯೊಳಗೂ ಮೊಣಕಾಲು ಮಟ್ಟ ರಾಡಿ. ನೀರು ಇಳಿದ ಮೇಲೆ ಮನೆ ತೊಳೆಯುವಾಗ, ಒದ್ದೆ ಜೋಳದ ಚೀಲ ಬಿಚ್ಚಿದ ಗಳಿಗೆಯಲ್ಲಿ ಮುಗ್ಗಲು ವಾಸನೆ ಮೂಗಿಗೆ ಬಡಿಯಿತಂತೆ. ಜೋಳ ಹಾಳಾದ ದುಃಖ, ಮೂಗು ಬಂದ ಸಂತೋಷ ಎರಡೂ ಒಟ್ಟಿಗೇ ಆಗಿ ಯಾವುದಕ್ಕೆ ಅಳಬೇಕೋ ತಿಳಿಯದೆ ನನಗೆ ಫೋನು ಮಾಡಿದ್ದರು.

ಜಾಲರಿಯ ಕಥೆ ಬರೆಯಲು ಹೊರಟರೆ ಮುಗಿಯುವುದಿಲ್ಲ. ಗುಟ್ಕಾ ಚೀಟಿ, ಶಾಂಪೂ ಚೀಟಿ, ಕೂದಲು, ಸೀರೆಯ ತುಂಡು, ಚಮಚ, ಮೊಬೈಲು. ಮದುವೆಯ ಹಂಗಾಮಿನಲ್ಲಿ ಅನ್ನ, ಹೋಳಿಗೆ, ಹೂವಿನ ಹಾರ. ಒಮ್ಮೆ ಹಲ್ಲಿನ ಸೆಟ್ಟು ಬಂತು. ಮೇಲಿನದೂ ಕೆಳಗಿನದೂ, ಎರಡೂ ಸರಿಯಾಗಿ ಕಚ್ಚಿಕೊಂಡು ಬಂದಿದ್ದವು. ಜಾಲರಿ ಬಳಿಯುವ ಹುಡುಗ ಹೌಹಾರಿ ಕುಂಟೆ ಎಸೆದು ಓಡಿದ್ದ. ತೊಳೆದು, ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ಸ್ಟೋರಿನ ಕಪಾಟಿನಲ್ಲಿ ಇಟ್ಟೆವು. ಯಾರೋ ಅಜ್ಜನದೋ ಅಜ್ಜಿಯದೋ, ಬೆಳಗ್ಗೆ ಬಾಯಿ ತೊಳೆಯುವಾಗ ಕೈಜಾರಿರಬೇಕು. ಹೇಳಿಕೊಳ್ಳಲು ನಾಚಿಕೆಪಟ್ಟು ಅವರು ಆವತ್ತಿನಿಂದ ಹಾಲಿನಲ್ಲಿ ರೊಟ್ಟಿ ನೆನೆಸಿ ತಿನ್ನುತ್ತಿರಬಹುದು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಜೇವರ್ಗಿಯ ಮದುವೆಯ ಪ್ರಸಂಗ ಬೇರೆ ಬಗೆಯದು. ಕನ್ಯೆ ನೋಡಲು ಹೋದಾಗ ಕೆಲಸ ಏನೆಂದು ಕೇಳಿದ್ದಕ್ಕೆ ಅವನ ಕಾಕಾ ಸುಳ್ಳು ಹೇಳದೆ, ನಿಜವನ್ನೂ ಹೇಳದೆ, "ವಾಟರ್ ಪ್ಲಾಂಟ್‌ದಾಗ ಆಪರೇಟರ್" ಎಂದುಬಿಟ್ಟಿದ್ದ. ಬೀಗರು ಖುಷಿಯಿಂದ ತಲೆಯಾಡಿಸಿದರು. ನಿಶ್ಚಯದ ದಿನ ಭಾವಿ ಮಾವ, "ಮತ್ತ ಲಗ್ನಕ್ಕ ಇನ್ನೂರು ಕ್ಯಾನ್ ನೀರು ಅಳಿಯಂದಿರ ಕಡಿಂದನೇ ಬರ್ಲಿ" ಎಂದಾಗ ಹುಡುಗನ ಮುಖ ಬಿಳಿಚಿತು. ಆ ರಾತ್ರಿ ನಮ್ಮಲ್ಲಿಗೆ ಬಂದು ಸೀದಾ ಕೇಳಿದ: ಹೇಳಲೋ ಬೇಡವೋ? ಅಫಜಲಪುರದವರು ಹೇಳುವುದು ಬೇಡ, ಕರೆದುಕೊಂಡು ಬಂದು ತೋರಿಸು ಎಂದರು.

ಮಾವ ಬಂದರು. ತಲೆಗೆ ರುಮಾಲು, ಕೈಯಲ್ಲಿ ಛತ್ರಿ. ಜಾಲರಿಯ ಹತ್ತಿರ ರುಮಾಲಿನ ತುದಿ ಮೂಗಿಗೆ ಬಂತು. ಗಾಳಿ ತೊಟ್ಟಿಯ ಹತ್ತಿರ ಅದು ಇಳಿಯಿತು. ಮಾತಿಲ್ಲ. ಹುಡುಗ ಬೆವರುತ್ತ ಹಿಂದೆ ಹಿಂದೆ ನಡೆದ. ಕೊನೆಗೆ ಹೊರಹರಿವಿನ ಕಾಲುವೆಗೆ ಬಂದರು. ಏಪ್ರಿಲ್ ತಿಂಗಳು. ಸುತ್ತ ಎರೆ ಭೂಮಿ ಕಾಲು ತೂರುವಷ್ಟು ಬಿರಿದಿತ್ತು. ಅದರ ನಡುವೆ ಈ ತಿಳಿ ನೀರು ರಭಸದಿಂದ ಹಳ್ಳಕ್ಕೆ ಓಡುತ್ತಿತ್ತು. ಮಾವ ಛತ್ರಿ ಮಡಿಸಿದರು.

"ಇದು ದಿನಾ ಹಿಂಗೇ ಹರೀತದೇನು?"

"ಹೌದ್ರಿ. ದಿನಾ."

"ಬ್ಯಾಸಿಗ್ಯಾಗೂ?"

"ಬ್ಯಾಸಿಗ್ಯಾಗೂ."

ಸ್ವಲ್ಪ ಹೊತ್ತು ನಿಂತು ನೋಡಿದರು. "ಇಂಥಾದ್ದು ನಮ್ಮ ತೊಗರಿ ಹೊಲದ ಬಾಜೂಕ ಹರದಿದ್ದರ ನನ್ನ ಮಗ ಪುಣೆಕ್ಕ ದುಡೀಲಾಕ ಹೋಗ್ತಿರ್ಲಿಲ್ಲ" ಎಂದರು. ಲಗ್ನಕ್ಕೆ ಕ್ಯಾನುಗಳನ್ನು ಅವರೇ ತರಿಸಿದರು.

ನನ್ನ ಅವ್ವ ಬಂದಾಗ ಆದದ್ದನ್ನೂ ಹೇಳಬೇಕು. ಆಳಂದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಬೇಸಿಗೆಯೆಂದರೆ ಕೊಡಗಳ ಸಾಲು. ಅಂಥ ಊರಿನಲ್ಲಿ ಅವ್ವ ಒಂದು ಕೊಡ ನೀರಿಗೆ ಮೂರು ಜನ್ಮ ಕೊಡುತ್ತಿದ್ದಳು. ಜೋಳ ತೊಳೆದದ್ದು ಎಮ್ಮೆಗೆ, ಮುಸುರೆ ತಿಕ್ಕಿದ್ದು ಅಂಗಳಕ್ಕೆ, ಬಚ್ಚಲಿನದು ಹಿತ್ತಲ ಬಾಳೆ ಮತ್ತು ಬಸಳೆಗೆ. ಗಟಾರಕ್ಕೆ ಮುಟ್ಟುವಷ್ಟು ನೀರು ನಮ್ಮ ಮನೆಯಿಂದ ಹೊರಬಿದ್ದದ್ದನ್ನು ನಾನು ಕಂಡಿಲ್ಲ. ಘಟಕ ತೋರಿಸಿ, ಹುಳುಗಳ ಕಥೆ ಹೇಳಿ, ಬಿಓಡಿ ಬಗ್ಗೆಯೂ ಒಂದಷ್ಟು ಕೊಚ್ಚಿಕೊಂಡೆ. ಅವಳು ಒಳಹರಿವಿನ ಕಡೆಗೇ ನೋಡುತ್ತಿದ್ದಳು.

"ಇಷ್ಟು ನೀರು ಎಲ್ಲಿಂದ ಬರ್ತದೋ?"

ಪಾಯಖಾನೆಯಿಂದ, ಬಚ್ಚಲಿನಿಂದ ಎಂದೆ. ಫ್ಲಶ್ ಒತ್ತಿದರೆ ಒಂದು ಸಲಕ್ಕೆ ಆರೋ ಹತ್ತೋ ಲೀಟರ್ ಎಂದು ವಿವರಿಸಿದೆ.

ಅವ್ವ ಮನಸ್ಸಿನಲ್ಲಿ ಕೊಡಗಳ ಲೆಕ್ಕ ಹಾಕಿದಳು. "ಒಂದು ಸಲ ಹೇತದ್ದಕ್ಕ ಅರ್ಧ ಕೊಡಾ?" ಎಂದಳು. ನಾನು ಹೂಂ ಎಂದೆ. "ಮತ್ತ ಅದನ್ನ ತೊಳ್ಯಾಕ ನಿನಗ ಪಗಾರಾ?" ಎಂದಳು. ಅದಕ್ಕೂ ಹೂಂ ಎಂದೆ. ಇನ್ನೇನು ಕೇಳಲಿಲ್ಲ. ನನ್ನ ಕಸುಬಿನ ಬಗ್ಗೆ ಎಷ್ಟೋ ತಜ್ಞರ ಭಾಷಣ ಕೇಳಿದ್ದೇನೆ, ಇದಕ್ಕಿಂತ ಕಡಿಮೆ ಮಾತಿನಲ್ಲಿ ಯಾರೂ ಅದನ್ನು ಬಿಚ್ಚಿಟ್ಟಿಲ್ಲ.

ಒಂದು ಊರು ಕೊಳಚೆ ಮಾಡಬೇಕಾದರೂ ಮೊದಲು ಅದಕ್ಕೆ ನೀರು ಇರಬೇಕು. ನಳ ಬಂದ ದಿನ ನಮ್ಮ ಮುಳ್ಳು ಎಷ್ಟು ಏರುತ್ತದೆ, ಬಾರದ ದಿನ ಎಷ್ಟು ಇಳಿಯುತ್ತದೆ ಎಂದು ನೋಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಣ ನಾಡಾದ ನಮೀಬಿಯಾದ ವಿಂಡ್‌ಹುಕ್ ನಗರದವರು 1968ರಿಂದ ತಮ್ಮ ಕೊಳಚೆಯನ್ನೇ ಶುದ್ಧಮಾಡಿ ಕುಡಿಯುತ್ತಿದ್ದಾರೆ. ನಮ್ಮಲ್ಲೇ ಬೆಂಗಳೂರಿನವರು ಬಳಸಿ ಬಿಟ್ಟ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಣೆಯಾಗಿ 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅದು ಸಾಕಷ್ಟು ಶುದ್ಧವೋ ಅಲ್ಲವೋ ಎಂಬ ಜಗಳ ಇದೆ, ಆ ಜಗಳ ಇರಲೇಬೇಕು. ಮೂರನೇ ಹಂತದ ಶುದ್ಧೀಕರಣ ಮಾಡದೆ ಕೆರೆಗೆ ಬಿಡುವುದನ್ನು ನಾನೂ ಒಪ್ಪುವವನಲ್ಲ. ಆದರೆ ತೊಳೆದು ತಿಳಿಮಾಡಿದ ನೀರನ್ನು ನಮ್ಮ ಕಣ್ಣೆದುರು ಹಳ್ಳಕ್ಕೆ ಬಿಟ್ಟು, ಮಗ್ಗುಲಿನ ತೊಗರಿ ಒಣಗುವುದನ್ನು ನೋಡುವಾಗ ಜೇವರ್ಗಿಯ ಮಾವನ ಮುಖ ನೆನಪಾಗುತ್ತದೆ.

ಘಟಕಕ್ಕೆ ಆಗಾಗ ದೊಡ್ಡವರು ಬರುತ್ತಾರೆ. ಶರಣರ ನಾಡಲ್ಲವೇ, ಎಲ್ಲರೂ ಬಸವಣ್ಣನವರ ಕಾಯಕದ ಮಾತು ಹೇಳಿ, ಮಡಿವಾಳ ಮಾಚಿದೇವರನ್ನೂ ಸ್ಮರಿಸುತ್ತಾರೆ. ಅದನ್ನೆಲ್ಲ ಮೂಗಿಗೆ ಕರವಸ್ತ್ರ ಹಿಡಿದೇ ಹೇಳುವುದರಿಂದ ಮಾತು ಸರಿಯಾಗಿ ಕೇಳಿಸುವುದಿಲ್ಲ. ನಮ್ಮ ಪಗಾರ ಗುತ್ತಿಗೆದಾರನ ಕೈಯಿಂದ ಬರುತ್ತದೆ, ಅಂದರೆ ಕೆಲವೊಮ್ಮೆ ಬರುತ್ತದೆ. ಆದರೂ ನಮಗೆ ಬೂಟು, ಕೈಗವಸು, ಕುರ್ಚಿ, ಮೇಲೊಂದು ಫ್ಯಾನು ಇದೆ. ಊರೊಳಗೆ ಕಟ್ಟಿಕೊಂಡ ಮ್ಯಾನ್‌ಹೋಲಿನ ಬಾಯಿಯಲ್ಲಿ ನಿಂತವನಿಗೆ ಮಲ ಬಳಿಯುವ ಕೆಲಸವನ್ನು ನಿಷೇಧಿಸಿದ 2013ರ ಕಾಯಿದೆಯೊಂದನ್ನು ಬಿಟ್ಟರೆ ಹಲವು ಸಲ ಏನೂ ಇರುವುದಿಲ್ಲ. ಎಪ್ಪತ್ತರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದಾಗ, ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದಕ್ಕೆ ನಿಷೇಧ ಬಂತು. ತಲೆಯ ಮೇಲಿಂದ ಇಳಿದದ್ದು ಪೈಪಿಗೆ ಹೋಯಿತು. ಪೈಪು ಕಟ್ಟಿದಾಗ ಅದರೊಳಗೆ ಇಳಿ ಎಂದು ಈಗಲೂ ಅದೇ ಕೇರಿಯ ಹುಡುಗರನ್ನು ಕರೆಯುತ್ತಾರೆ. ಮೂವರು ಹರಟೆ ಹೊಡೆಯುವಾಗ ಈ ಮಾತು ಬಂದರೆ ಅಫಜಲಪುರದವರು ಎದ್ದು ಕೆಸರು ಹಾಸಿನ ಕಡೆ ಹೋಗಿಬಿಡುತ್ತಿದ್ದರು. ಅವರ ಅಪ್ಪ ಯಾವ ಕೆಲಸ ಮಾಡುತ್ತಿದ್ದರೆಂದು ನಾವು ಕೇಳಲಿಲ್ಲ.

ಕೆಸರು ಹಾಸು ಅವರ ತೋಟ. ಹೆಚ್ಚಾದ ಕೆಸರನ್ನು ಉಸುಕಿನ ಹಾಸಿನ ಮೇಲೆ ಹರವಿ ಒಣಗಿಸುತ್ತೇವೆ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ, ಬೇಗ ಬಿರಿದು ಹೆಂಟೆಯಾಗುತ್ತದೆ. ಆ ಬಿರುಕುಗಳಿಂದ ಟೊಮೆಟೊ ಗಿಡ ಏಳುತ್ತವೆ. ಯಾರೂ ಬಿತ್ತಿದ್ದಲ್ಲ. ಟೊಮೆಟೊ ಬೀಜ ಮನುಷ್ಯನ ಹೊಟ್ಟೆಯಲ್ಲಿ ಕರಗುವುದಿಲ್ಲ, ಪೈಪಿನಲ್ಲಿ ಸಾಯುವುದಿಲ್ಲ, ನಮ್ಮ ಹುಳುಗಳಿಗೂ ಜಗ್ಗುವುದಿಲ್ಲ. ಊರಿನ ಹೊಟ್ಟೆ ದಾಟಿ ಉಳಿದ ಹಠಮಾರಿಗಳು ಇಲ್ಲಿ ಬಂದು ಚಿಗುರುತ್ತವೆ. ಜಗತ್ತಿನ ಎಷ್ಟೋ ಕೊಳಚೆ ಘಟಕಗಳಲ್ಲಿ ಈ ಗಿಡ ಕಾಣಬಹುದು. ಹಣ್ಣು ಗುಂಡಗೆ, ಕೆಂಪಗೆ, ಸಂತೆಯಲ್ಲಿ ಸಿಗದಂಥವು. ತಿನ್ನಬಾರದು ಎಂದು ನಿಯಮ. ಸಾಹೇಬರೊಬ್ಬರು ತಿಳಿಯದೆ ಒಂದು ಬುಟ್ಟಿ ಮನೆಗೆ ಒಯ್ದು, ಎಲ್ಲಿಯದೆಂದು ಎರಡನೇ ವಾರ ಕೇಳಿದರು. ಆಮೇಲೆ ಅವರು ನಮ್ಮ ಕಡೆ ಬರುವುದು ಕಡಿಮೆಯಾಯಿತು.

ಅಫಜಲಪುರದವರು ಈಗ ನಿವೃತ್ತರು. ಗುತ್ತಿಗೆ ನೌಕರನಿಗೆ ನಿವೃತ್ತಿಯೆಂದರೆ ಮರುದಿನದಿಂದ ಹಾಜರಿ ಇಲ್ಲ, ಅಷ್ಟೇ. ನಾವೇ ಒಂದು ಶಾಲು ತಂದು ಹೊದಿಸಿದೆವು. ಭಾಷಣ ಮಾಡಿ ಎಂದರೆ, ಎರಡನೇ ಬ್ಲೋವರಿನ ಬೆಲ್ಟು ಬದಲಿಸಿ ಎಂದರು. ಈಗ ಊರಲ್ಲೇ ಇದ್ದು ಅಮಾವಾಸ್ಯೆ ಹುಣ್ಣಿಮೆಗೆ ಗಾಣಗಾಪುರದ ಸಂಗಮಕ್ಕೆ ಹೋಗುತ್ತಾರೆ. ದತ್ತನ ಭಕ್ತರು ಕಣ್ಣು ಮುಚ್ಚಿ ಮೂರು ಮುಳುಗು ಹಾಕುವಲ್ಲಿ ಇವರು ಮೊದಲು ಒಂದು ಬೊಗಸೆ ನೀರೆತ್ತಿ ಮೂಸುತ್ತಾರಂತೆ. ಫೋನಿನಲ್ಲಿ ನನಗೆ ಬೈಯುತ್ತಾರೆ. "ಆಳಂದ, ನಿಮ್ಮೂರವರು ಮ್ಯಾಲಿಂದ ಏನೇನು ಬಿಡ್ಲತಾರಲೋ?" ನಮ್ಮೂರಿನ ಓಣಿಯ ಗಟಾರ ಇನ್ನೂ ತೆರೆದೇ ಇದೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರ ಜಾಗಕ್ಕೆ ಬಂದ ಹುಡುಗ ಚಿತ್ತಾಪುರದವನು. ಮೂಗು ಇನ್ನೂ ಪಳಗಿಲ್ಲ.

ಓದುಗರಲ್ಲಿ ಎರಡು ವಿನಂತಿ. ಗುಟ್ಕಾ ಚೀಟಿ, ಕೂದಲ ಉಂಡೆ, ಕರಿದುಳಿದ ಎಣ್ಣೆ, ಹರಿದ ಬಟ್ಟೆ ಇವನ್ನು ದಯವಿಟ್ಟು ಕಸದ ಬುಟ್ಟಿಗೆ ಹಾಕಿ, ನಮ್ಮ ಹುಳುಗಳು ಅವನ್ನು ತಿನ್ನುವುದಿಲ್ಲ. ಎರಡನೆಯದು, ಆ ಹಲ್ಲಿನ ಸೆಟ್ಟು ಇನ್ನೂ ಸ್ಟೋರಿನ ಕಪಾಟಿನಲ್ಲೇ ಇದೆ. ಕಳೆದುಕೊಂಡವರು ಬೆಳಗಿನ ಪಾಳಿಯಲ್ಲಿ ಬಂದು, ಗುರುತು ಹೇಳಿ ಒಯ್ಯಬಹುದು. ಹೆಸರು ಕೇಳುವುದಿಲ್ಲ.